ಭಾವನ ರ್‍ಯಾಂಕ್ ಪೇಡೆ

ಇವತ್ತು ಬೆಳಗ್ಗೆ ನನ್ನ ಕಾರಿನ ತುಂಬ ಪೇಡೆಯ ವಾಸನೆ. ಅಕ್ಕ ಖೋವಾ ಬದಲು ರಿಕೋಟಾ ಚೀಸ್ ಹುರಿದು ಮಾಡಿದ ಪೇಡೆ. ಧಾರವಾಡದವರಿಗೆ ದಯವಿಟ್ಟು ಹೇಳಬೇಡಿ. ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಪಕ್ಕದಲ್ಲಿ ಕೂತಿದ್ದವರು ಧಾರವಾಡದವರೇ ಆದ ನಮ್ಮ ಭಾವ. ಹೊರಟಿದ್ದು ಕಾಲೇಜು ಫುಟ್‌ಬಾಲ್‌ಗೆ. ಕಾಲಿಗಿಂತ ಕೈಯಲ್ಲೇ ಹೆಚ್ಚು ಆಡುವ ಅಮೆರಿಕದ ಫುಟ್‌ಬಾಲು.

ಭಾವನಿಗೆ ಆ ಆಟ ಇಂದಿಗೂ ಅರ್ಥವಾಗಿಲ್ಲ. ನನಗೆ, ಅರ್ಥವಾದಂತೆ ನಟಿಸುವಷ್ಟು ಅರ್ಥವಾಗಿದೆ. ಅವರನ್ನು ಅಲ್ಲಿಗೆ ಎಳೆದದ್ದು ರ್‍ಯಾಂಕ್. ಕೆಲವು ವರ್ಷಗಳ ಹಿಂದೆ, ಮಗಳು ಮಯೂರಿ ಓದುತ್ತಿದ್ದ ಪುಟ್ಟ ಕಾಲೇಜಿನ ತಂಡ ದೇಶದ ಸಣ್ಣ ಕಾಲೇಜುಗಳ ಪಟ್ಟಿಯಲ್ಲಿ ಇಪ್ಪತ್ತೈದನೆಯದಾಗಿ ಬಂತು. ಎಸ್ಸೆಸ್ಸೆಲ್ಸಿ ರ್‍ಯಾಂಕಿನ ಕಾಲದಲ್ಲಿ ಬೆಳೆದ ಜೀವ, ಕೇಳಬೇಕೆ? ಇಲ್ಲೇ ಹತ್ತಿರದ ಬ್ರಿಡ್ಜ್‌ವಾಟರ್ ದೇವಸ್ಥಾನದಲ್ಲಿ ಕಂಡಕಂಡವರಿಗೆಲ್ಲ ಪೇಡೆ ಹಂಚಿದರು. ಮಗಳು ಏನು ಓದುತ್ತಾಳೆ ಎಂದು ಯಾರಾದರೂ ಕೇಳಿದರೆ ಮಾತ್ರ "ಮೆಡಿಕಲ್ ಲೈನ್" ಎಂದು ಗೊಣಗಿ ಡಬ್ಬಿ ಮುಂದೆ ಮಾಡುತ್ತಿದ್ದರು. ಡಾಕ್ಟರಾಗಬೇಕಿದ್ದವಳು ಅದನ್ನು ಬಿಟ್ಟು, ಆಟಗಾರರ ಉಳುಕು ನೋವು ನೋಡಿಕೊಳ್ಳುವ ಟ್ರೇನರ್ ಕೋರ್ಸ್ ಸೇರಿದ್ದಳು. ಭಾವನಿಗೆ ಅದು ನುಂಗಲಾರದ ತುತ್ತಾಗಿತ್ತು.

ಮುಂದಿನ ಶನಿವಾರವೇ ತಂಡ ಸೋತು ಪಟ್ಟಿಯಿಂದ ಹೊರಬಿತ್ತು.

"ಒಮ್ಮೆ ಕೊಟ್ಟ ರ್‍ಯಾಂಕ್ ವಾಪಸ್ ತಗೋತಾರೇನೋ? ಪೇಡೆ ಬ್ಯಾರೆ ಹಂಚೀನಿ!"

"ಇಲ್ಲಿ ವಾರವಾರ ರಿಸಲ್ಟು, ಭಾವ."

ಅಷ್ಟರಲ್ಲಿ ಮಯೂರಿಯ ಫೋನ್ ಬಂತು. "ರ್‍ಯಾಂಕ್ ಹೋಯ್ತಲ್ಲ ಅಪ್ಪಾ. ಯು ಡೋಂಟ್ ಹ್ಯಾವ್ ಟು ಕಮ್ ಎನಿಮೋರ್." ನಗುತ್ತಲೇ ಹೇಳಿದಳು. ಫೋನಿಟ್ಟ ಭಾವ ಖಾಲಿ ಪೇಡೆ ಡಬ್ಬಿಯನ್ನು ತಾವೇ ತೊಳೆಯತೊಡಗಿದರು.

ಆದರೂ ಅದರ ಮರು ಶನಿವಾರ ಹೋದೆವು. ಆಟದ ನಡುವೆ ದೈತ್ಯನಂಥವನೊಬ್ಬ ಬಿದ್ದು ಏಳಲೇ ಇಲ್ಲ. ಮೈದಾನದ ಸದ್ದಡಗಿತು. ಹಿರಿಯ ಟ್ರೇನರ್ ಜೊತೆ ಮಯೂರಿ ಓಡಿದಳು. ಮಂಡಿಯೂರಿ ಅವನ ಪಾದ ಹಿಡಿದು ಏನೋ ಕೇಳಿದಳು, ಕೊನೆಗೆ ಅವನ ಅರ್ಧ ಭಾರವನ್ನು ತನ್ನ ಹೆಗಲಿಗೆ ಹಾಕಿಕೊಂಡು ಹೊರಗೆ ನಡೆಸಿದಳು. ಜನ ಎದ್ದು ಚಪ್ಪಾಳೆ ತಟ್ಟಿದರು. ಭಾವ ಮಾತ್ರ ಕೂತೇ ಇದ್ದರು, ಕಣ್ಣೊರೆಸಿಕೊಳ್ಳುತ್ತ. ತಂಡ ಅವತ್ತೂ ಸೋತಿತು.

ಈಗ ಮಯೂರಿಗೆ ಅಲ್ಲೇ ಕೆಲಸ. ತಂಡ ಎಷ್ಟನೆಯದೆಂದು ಭಾವ ಕೇಳುವುದಿಲ್ಲ. ನಾನು ಕದ್ದು ನೋಡುತ್ತೇನೆ.

ಇವತ್ತು ಪಾರ್ಕಿಂಗ್ ಲಾಟಿನಲ್ಲಿ ನಮ್ಮ ಮಾತು ಕೇಳಿ ಕನ್ನಡದ ಹೆಂಗಸೊಬ್ಬರು ಹತ್ತಿರ ಬಂದರು. "ನಿಮ್ಮ ಮಗ ಟೀಮಲ್ಲಿದ್ದಾನಾ ಅಂಕಲ್?"

"ಮಗಳು ಇದ್ದಾಳ್ರೀ. ಆಡೂದಿಲ್ಲ. ಬಿದ್ದವರನ್ನ ಎಬ್ಬಿಸ್ತಾಳ." ಭಾವ ಡಬ್ಬಿಯ ಮುಚ್ಚಳ ತೆಗೆದರು. "ಪೇಡೆ ತಗೋರಿ."

"ಓ, ಗೆದ್ರಾ?"

ನಾನೂ ಒಂದು ಪೇಡೆ ಬಾಯಿಗೆ ಹಾಕಿಕೊಂಡೆ. ಆಟ ಇನ್ನೂ ಶುರುವೇ ಆಗಿರಲಿಲ್ಲ.