ಎದುರುಮನೆ ಅಕ್ಕನ ಗಾಜಿನ ಜಾರು

ಹೋದ ವಾರ ಮಗಳು ಪಾರ್ಸೆಲ್ ಬಿಚ್ಚಿ ಒಂದು ಗಾಜಿನ ಜಾರನ್ನು ಎತ್ತಿ ತೋರಿಸಿದಳು. ಕಡ್ಡಿರಾಂಪುರದಲ್ಲಿ ಅವಳು ನಡೆಸುವ ಹೋಂಸ್ಟೇಗೆ ಬರುವವರು ಬೆಳಿಗ್ಗೆ ಎದ್ದ ಕೂಡಲೇ ಇದನ್ನೇ ಕೇಳುತ್ತಾರಂತೆ. ಫ್ರೆಂಚ್ ಪ್ರೆಸ್, ಕಾಫಿ ಸೋಸುವ ಜಾರು. ಮುಚ್ಚಳದ ನಡುವೆ ಒಂದು ಸರಳು, ಸರಳಿನ ತುದಿಗೆ ಬಿಲ್ಲೆಯಂಥ ಜಾಲರಿ. ಅವಳು ಸರಳಿನ ಮೇಲೆ ಅಂಗೈ ಇಟ್ಟಿದ್ದೇ ತಡ, “ಒತ್ತಬ್ಯಾಡ” ಎಂದು ಕಿರುಚಿಬಿಟ್ಟೆ. ಜಾರು ಖಾಲಿ ಇತ್ತು. ಮಗಳು ನನ್ನ ಮುಖ ನೋಡಿ ನಕ್ಕಳು. ನಾನು ಮಾತ್ರ ಜಾರನ್ನು ಅವಳ ಕೈಯಿಂದ ಕಿತ್ತು ದೂರ ಇಟ್ಟೆ…

ಇಂಥದನ್ನು ನಾನು ಮೊದಲು ನೋಡಿದ್ದು ಹೊಸಪೇಟೆಯಲ್ಲಿ, ಎದುರುಮನೆ ಅಕ್ಕನ ಜೊತೆ. ಅದಿರಿನ ಕಾಲ ಅದು. ಬೆಳಿಗ್ಗೆ ಒಣಹಾಕಿದ ಬಿಳಿ ಬಟ್ಟೆ ಸಂಜೆಗೆ ಕೆಂಪಾಗಿರುತ್ತಿತ್ತು. ನಿನ್ನೆ ಸೈಕಲ್ ತುಳಿದವನು ಇವತ್ತು ಉದ್ದನೆಯ ಕಾರಿನಿಂದ ಇಳಿಯುತ್ತಿದ್ದ, ನಾವು ಬಾಯಿ ತೆರೆದುಕೊಂಡು ನೋಡುತ್ತಿದ್ದೆವು. ಅಕ್ಕನ ಗಂಡನೂ ತಮ್ಮೂರು ಮೆಟ್ರಿಯ ಗದ್ದೆಯಲ್ಲಿ ಅರ್ಧ ಮಾರಿ ಲಾರಿ ಕೊಂಡಿದ್ದರು. ಆ ಲಾರಿಗಳಿಗೆ ಲೋಡು ಸಿಗುತ್ತಿದ್ದದ್ದು ಸಂಡೂರಿನ ಒಬ್ಬ ಗಣಿ ಸಾಹುಕಾರನಿಂದ. ಒಂದು ದಿನ ಅದೇ ಸಾಹುಕಾರನ ಮನೆಯಿಂದ, ಅಕ್ಕನ ಮಗಳನ್ನು ನೋಡಲು ಬರುತ್ತೇವೆಂದು ಸುದ್ದಿ ಬಂತು. ಅಕ್ಕ ಓಡಿ ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು.

ಸಂಬಂಧ ತಂದವರು ಹೋಗುವಾಗ ಇನ್ನೊಂದು ಮಾತು ಹೇಳಿದ್ದರು. ಅದಿರು ಕೊಳ್ಳಲು ಬರುವ ಪರದೇಶದವರಿಂದ ಕಲಿತು, ಸಾಹುಕಾರನ ಮನೆಯಲ್ಲಿ ಈಗ ಕಾಫಿಯನ್ನು ಬಂದವರ ಎದುರೇ ಗಾಜಿನ ಜಾರಿನಲ್ಲಿ ಒತ್ತಿ ಕೊಡುತ್ತಾರಂತೆ. ಅಷ್ಟು ಸಾಕಾಯಿತು. ನಮ್ಮ ಹುಡುಗಿಯೂ ಹಾಲ್‌ನಲ್ಲಿ ಎಲ್ಲರೆದುರು ಒತ್ತಿಯೇ ಕೊಡಬೇಕೆಂದು ಅಕ್ಕ ಹಟ ಹಿಡಿದಳು. ನನ್ನನ್ನೂ ಕರೆದುಕೊಂಡು ಬಸ್‌ಸ್ಟ್ಯಾಂಡ್ ಹತ್ತಿರದ ದೊಡ್ಡ ಗಿಫ್ಟ್ ಅಂಗಡಿಗೆ ಹೋದಳು. ಅಲ್ಲಿ ಎರಡು ಇದ್ದವು, ಒಂದು ಸ್ಟೀಲಿನದು, ಒಂದು ಗಾಜಿನದು. ಸ್ಟೀಲಿನದು ಗಟ್ಟಿ, ಬಿದ್ದರೂ ಒಡೆಯುವುದಿಲ್ಲ, ಹೆಚ್ಚು ಹೊತ್ತು ಬಿಸಿ ಇರುತ್ತದೆ ಎಂದು ಅಂಗಡಿಯವನು ಹೇಳಿದ. ನನಗೂ ಅದೇ ಸರಿ ಅನಿಸಿತ್ತು.

“ಸ್ಟೀಲಿಂದಾದ್ರ ಒಳಗ ಏನೈತಂತ ಅವರಿಗೆ ಹೆಂಗ ಕಾಣ್ಬೇಕ ತಂಗಿ?” ಎಂದು ಅಕ್ಕ ಗಾಜಿನದನ್ನೇ ಎತ್ತಿಕೊಂಡಳು.

ಮನೆಗೆ ತಂದವಳು ಒಂದು ಸಲವೂ ಮಾಡಿ ನೋಡಲಿಲ್ಲ. ಬಳಸಿದರೆ ಹೊಸದರ ಹೊಳಪು ಹೋಗುತ್ತದಂತೆ! ನಮ್ಮದೋ ಚಹಾದ ಸೀಮೆ. ತರಿತರಿಯಾದ ಪುಡಿ ಹಾಕಬೇಕು, ಬರೀ ಬಿಸಿನೀರು ಸುರಿದು ನಾಲ್ಕು ನಿಮಿಷ ಬಿಡಬೇಕು, ಮೆಲ್ಲಗೆ ಒತ್ತಬೇಕು, ಹಾಲು ಬೇಕಾದವರು ಆಮೇಲೆ ಬೆರೆಸಿಕೊಳ್ಳಬೇಕು ಎಂದು ಈಗ ಮಗಳು ಹೇಳುತ್ತಾಳೆ. ಆಗ ನಮಗೇನು ಗೊತ್ತು? ಅಕ್ಕ ಚಹಾ ಕುದಿಸಿದ ಹಾಗೇ ಕಾಫಿ ಕುದಿಸಿದಳು. ಗಟ್ಟಿ ಎಮ್ಮೆಹಾಲು, ಕೈತುಂಬ ಸಕ್ಕರೆ, ಏಲಕ್ಕಿ, ಹಿಟ್ಟಿನಷ್ಟು ನುಣ್ಣನೆಯ ಪುಡಿ, ಎಲ್ಲ ಒಟ್ಟಿಗೆ. ಕೊತಕೊತ ಕುದಿಯುವುದನ್ನು ಹಾಗೇ ಜಾರಿಗೆ ಸುರಿದಳು.

ಹುಡುಗಿ ಟ್ರೇ ಹಿಡಿದು ಹಾಲ್‌ಗೆ ಬಂದಳು, ನಾನೂ ಹಿಂದೆಯೇ ಬಂದು ಗೋಡೆ ಪಕ್ಕ ನಿಂತೆ. ಸಾಹುಕಾರ, ಅವನ ಹೆಂಡತಿ, ಹುಡುಗ, ಮೂವರೂ ಸೋಫಾದಲ್ಲಿ ಕೂತಿದ್ದರು. ಅಕ್ಕನ ಗಂಡ ತಮ್ಮ ಮನೆಯಲ್ಲೇ ಕುರ್ಚಿಯ ತುದಿಗೆ ಕೂತಿದ್ದರು, ಪಾಪ. ಹುಡುಗಿ ಸರಳು ಒತ್ತಿದಳು. ಇಳಿಯಲಿಲ್ಲ. ಜಾಲರಿಗೆ ಕೆನೆಯೂ ಪುಡಿಯೂ ಮೆತ್ತಿಕೊಂಡಿತ್ತು. ಅಕ್ಕ ಬಾಗಿಲಲ್ಲಿ ನಿಂತು, ಜೋರಾಗಿ ಒತ್ತು ಎಂದು ಕಣ್ಣಲ್ಲೇ ಸನ್ನೆ ಮಾಡಿದಳು. ಹುಡುಗಿ ಎರಡೂ ಕೈ ಊರಿ ಮೈಭಾರವನ್ನೆಲ್ಲ ಬಿಟ್ಟಳು…

ಫಟ್ ಅಂತು. ಗಾಜು ನೆಲಕ್ಕೆ, ಕುದಿಹಾಲು ಅವಳ ಬಲಗೈ ಮೇಲೆ. ಹಾಲು ನೀರಿನ ಹಾಗಲ್ಲ, ಚರ್ಮಕ್ಕೆ ಅಂಟಿಕೊಂಡು ಸುಡುತ್ತದೆ. ಆ ಮಗು ಚೀರಲೂ ಇಲ್ಲ, ಕೈ ಮುಂದೆ ಹಿಡಿದುಕೊಂಡು ನಿಂತುಬಿಟ್ಟಳು. ಹುಡುಗ ಎದ್ದು ಅಡುಗೆಮನೆ ಕಡೆ ಹೋದ. ಅಂಗಿಗೆ ಸಿಡಿದದ್ದನ್ನು ತೊಳೆಯಲು ಹೋದನೆಂದುಕೊಂಡೆ. ಅವನ ತಾಯಿಯೂ ಎದ್ದಳು. ಕೈ ಹಿಡಿಯುತ್ತಾಳೆ ಅಂದುಕೊಂಡರೆ, ಗದ್ದ ಹಿಡಿದಳು. ಹುಡುಗಿಯ ಮುಖವನ್ನು ಆ ಕಡೆಗೊಮ್ಮೆ ಈ ಕಡೆಗೊಮ್ಮೆ ತಿರುಗಿಸಿ ನೋಡಿದಳು.

“ಪುಣ್ಯಾ, ಮಾರಿಗೇನೂ ಆಗಿಲ್ಲ” ಎಂದು ಗಂಡನಿಗೆ ಹೇಳಿ ಮತ್ತೆ ಕೂತಳು.

ಸಂತೆಯಲ್ಲಿ ಎತ್ತು ನೋಡುವವರೂ ಹಾಗೆ ನೋಡುವುದಿಲ್ಲ. ಅಷ್ಟರಲ್ಲಿ ಅಕ್ಕ ಮಗಳ ಮುಂದೆ ಬಂದು ನಿಂತಿದ್ದಳು. ಸಾಹುಕಾರನ ಹೆಸರು ಕೇಳಿದರೆ ಸೆರಗು ಸರಿಮಾಡಿಕೊಳ್ಳುತ್ತಿದ್ದ ಅಕ್ಕ.

“ಏಳ್ರಿ. ನಮ್ ಹುಡುಗಿನ್ನ ನಿಮ್ಮನಿಗೆ ಕೊಡಂಗಿಲ್ಲ.”

ಅಕ್ಕನ ಗಂಡ ಕೈಮುಗಿದುಕೊಂಡು ಅವರ ಹಿಂದೆ ಗೇಟಿನ ತನಕ ಓಡಿದರು. ಅಕ್ಕ ತಿರುಗಿಯೂ ನೋಡಲಿಲ್ಲ. ಮಗಳ ಕೈಯನ್ನು ನಳದ ಕೆಳಗೆ ಹಿಡಿದು ಅಳುತ್ತಿದ್ದಳು, ತನ್ನನ್ನೇ ಬೈದುಕೊಳ್ಳುತ್ತಿದ್ದಳು. ಮಾರನೇ ದಿನದಿಂದ ಅವರ ಲಾರಿಗಳಿಗೆ ಲೋಡು ಸಿಗಲಿಲ್ಲ. ಲಾರಿ ಮಾರಿದರು, ಮನೆ ಖಾಲಿ ಮಾಡಿ ಮೆಟ್ರಿಗೆ, ಉಳಿದರ್ಧ ಗದ್ದೆಗೆ ಹೋದರು. ಅಕ್ಕನಿಗೆ ತಲೆ ಕೆಟ್ಟಿದೆ ಎಂದು ಓಣಿಯೆಲ್ಲ ಆಡಿಕೊಂಡಿತು. ನಾನು ಮಾತ್ರ ಯಾರ ಮನೆಯಲ್ಲಿ ಹೆಣ್ಣು ನೋಡುವ ಮಾತು ಬಂದರೂ ಈ ಕಥೆ ಹೇಳಿ, ತಾಯಿ ಅಂದರೆ ಹಾಗಿರಬೇಕು ಎನ್ನುತ್ತಿದ್ದೆ.

ಮೊನ್ನೆ ಮಗಳ ಜಾರು ಕಂಡ ಮೇಲೆ ತಡೆಯಲಾಗದೆ ಅಕ್ಕನ ನಂಬರಿಗೆ ಫೋನ್ ಮಾಡಿದೆ. ಎತ್ತಿದ್ದು ಆ ಹುಡುಗಿ. ಈಗ ಕಂಪ್ಲಿಯಲ್ಲಿ ಸಂಸಾರ, ಗಂಡ ರೈಸ್ ಮಿಲ್ಲಿನಲ್ಲಿದ್ದಾನೆ. ಅವ್ವ ಹೋದ ಬೇಸಿಗೆಯಲ್ಲೇ ತೀರಿಕೊಂಡಳು ಅಂದಳು. ಯಾರೂ ನನಗೆ ಹೇಳಿರಲಿಲ್ಲ… ನಿಮ್ಮವ್ವ ಅವತ್ತು ಮಾಡಿದ್ದನ್ನು ನಾನು ಸಾಯುವ ತನಕ ಮರೆಯುವುದಿಲ್ಲ ಅಂದೆ.

“ಆ ಹುಡುಗ ನೀರು ತರಾಕ ಹೋಗಿದ್ನರಿ ಅತ್ತಿ” ಅಂದಳು. “ಚೊಂಬು ಹಿಡ್ಕೊಂಡು ಅಡಗಿಮನಿ ಬಾಗಲ್ದಾಗ ನಿಂತಿದ್ದ. ಅವ್ವ ಏಳ್ರಿ ಅಂದ್ಳು. ಚೊಂಬು ಅಲ್ಲೇ ಇಟ್ಟು ಹೋದ. ನಾ ಒಬ್ಬಾಕಿನ ನೋಡಿದ್ದು.”

ಅವನು ನಿನಗೆ ಹಿಡಿಸಿದ್ದನೇನವ್ವ ಎಂದು ಕೇಳಿದೆ. ಹೂಂ ಅಂದಳು.

“ಅವ್ವಗ ಹೇಳ್ಲಿಲ್ಲ. ನನ್ ಸಲುವಾಗಿ ಎಲ್ಲಾ ಕಳ್ಕೊಂಡಿದ್ಳಲ್ರಿ, ಹೆಂಗ ಹೇಳ್ಲಿ?”

ಫೋನ್ ಇಟ್ಟೆ. ಇಷ್ಟು ವರ್ಷ ಊರಿಗೆಲ್ಲ ಹೇಳಿದ ಕಥೆ ನನಗೇ ಪೂರ್ತಿ ಗೊತ್ತಿರಲಿಲ್ಲ. ಅಕ್ಕನಿಗೆ ತಿಳಿಯಬೇಕಿತ್ತು ಎಂದು ಒಮ್ಮೆ ಅನಿಸುತ್ತದೆ, ತಿಳಿಯದೇ ಹೋದದ್ದೇ ಒಳ್ಳೆಯದಾಯಿತು ಎಂದು ಮರುಗಳಿಗೆಗೆ ಅನಿಸುತ್ತದೆ. ಎರಡರಲ್ಲಿ ಯಾವುದು ಸರಿ ಎಂದು ನಾನು ಕೇಳಬಹುದಾಗಿದ್ದದ್ದು ಅಕ್ಕನನ್ನೇ.