ಕಪ್ತಾನನಿಗೆ ಆಯೇರಿ

ನನ್ನಂತೆ ಹಿಟ್ಟಿನ ಗಿರಣಿ ನಡೆಸುವವಳ ಕಿವಿಗೆ ಬೀಳದ ಅಭಿಪ್ರಾಯ ಊರಿನಲ್ಲಿ ಯಾವುದೂ ಇರುವುದಿಲ್ಲ. ಜೋಳದ ಡಬ್ಬಿ ಪಾಳಿಗೆ ಹಚ್ಚಿ ಕೂತವರು ಬಾಯಿ ಮುಚ್ಚಿಕೊಂಡು ಕೂರುವ ಪೈಕಿ ಅಲ್ಲ. ಗಿರಣಿಯ ಸದ್ದನ್ನು ಮೀರಿ ಮಾತಾಡಬೇಕಾದ್ದರಿಂದ ಇಲ್ಲಿ ಗುಟ್ಟನ್ನೂ ಕೂಗಿಯೇ ಹೇಳುತ್ತಾರೆ. ಆ ಸೋಮವಾರ ಎಲ್ಲರೂ ಕೂಗಿದ್ದು ಹಿಂದಿನ ದಿನ ಟಿವಿಯಲ್ಲಿ ಬಂದ ಧಾರಾವಾಹಿಯ ಕಂತಿನ ಬಗ್ಗೆ.

“ಸತ್ತಾಂವನ್ನ ಮತ್ತ ಯಾಕ ಎಬ್ಬಿಸಿದ್ರು ಅಂತೀನಿ” ಎಂದಳು ಒಬ್ಬಳು.

“ಸತ್ತಿದ್ದ ಯಾರ ಕಂಡಿದ್ರಬೇ? ಬಾಗಲಾ ಮುಚ್ಚಿದ್ದಷ್ಟ ತೋರಿಸಿದ್ರು” ಎಂದಳು ಇನ್ನೊಬ್ಬಳು.

ಹತ್ತಿ ಬಿಡಿಸಲು ಆಳು ಹುಡುಕುತ್ತ ಬಂದಿದ್ದ ಒಬ್ಬ ರೈತನಿಗೆ ಬೇರೆಯೇ ಚಿಂತೆ. “ಆ ಗ್ರಹದಾಗ ಮಳಿ ಇಲ್ಲ, ಬೆಳಿ ಇಲ್ಲ. ಕಪ್ತಾನ ಇಷ್ಟ ವರ್ಷ ಏನ್ ತಿಂದು ಬದುಕಿದ್ನಂತ?”

“ಮಷಿನ್ ಮನಷ್ಯಾ ರೊಟ್ಟಿ ಬಡದು ಹಾಕಿರಬೇಕ ತಗೋರಿ” ಎಂದು ಯಾರೋ ಅಂದರು. ಎಲ್ಲರೂ ನಕ್ಕರು.

ಬೇರೆ ದಿನವಾಗಿದ್ದರೆ ನಾನೂ ನಗುತ್ತಿದ್ದೆ. ಆದರೆ ಇವರಲ್ಲಿ ಅರ್ಧ ಜನ ಆ ಕಂತನ್ನು ನೋಡಿದ್ದು ನಮ್ಮ ಪಡಸಾಲೆಯಲ್ಲೇ ಕೂತು. ಅದು ಮುಗಿದ ಮೇಲೆ ಅದೇ ಪಡಸಾಲೆಯಲ್ಲಿ ಏನಾಯಿತು ಎಂಬ ಬಗ್ಗೆ ಒಬ್ಬರೂ ತುಟಿ ಪಿಟಕ್ಕೆನ್ನಲಿಲ್ಲ. ಕಪ್ತಾನನ ಬಗ್ಗೆ ಇಷ್ಟು ಮಾತಾಡಿದವರು ನನ್ನ ತಮ್ಮನ ಬಗ್ಗೆ ಒಂದು ಮಾತು ಆಡಲಿಲ್ಲ. ಆ ಸಿಟ್ಟು ಇನ್ನೂ ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ತಮ್ಮ ನಾಟಕದವನು. ನವಲಗುಂದ, ಅಣ್ಣಿಗೇರಿ ಕಡೆ ಎಲ್ಲಿ ರಂಗಸಜ್ಜಿಕೆ ಕಟ್ಟಿದರೂ ಅವನಿಗೊಂದು ಪಾತ್ರ ಇರುತ್ತಿತ್ತು. ನೋಡಲು ಸಾಧಾರಣ ಆಳು. ಆದರೆ ದನಿ ಮಾತ್ರ ದೇವರು ಪುರುಸೊತ್ತಿನಲ್ಲಿ ಕೂತು ಮಾಡಿದ್ದು. ಮಾತಿಗೆ ಮೊದಲು ಗಂಟಲಲ್ಲಿ ಒಂದು “ಹ್ಞಂ” ಎನ್ನುತ್ತಿದ್ದ, ಆಮೇಲೆ ಮಾತು. ಆ “ಹ್ಞಂ” ಕೇಳಿದರೇ ಹಿಂದಿನ ಸಾಲಿನವರು ನೆಟ್ಟಗೆ ಕೂರುತ್ತಿದ್ದರು. ಆ ದನಿಯ ಸುದ್ದಿ ಹೇಗೋ ಬೆಂಗಳೂರಿಗೆ ಮುಟ್ಟಿ, ಹೊರದೇಶದ ಧಾರಾವಾಹಿಗಳಿಗೆ ಕನ್ನಡದ ಮಾತು ಕೂಡಿಸುವ ಕೆಲಸಕ್ಕೆ ಆಗೀಗ ಕರೆಸುತ್ತಿದ್ದರು. ವಾರವೋ ಹದಿನೈದು ದಿನವೋ ಇದ್ದು ಬರುತ್ತಿದ್ದ.

ಹಾಗೆ ಸಿಕ್ಕಿದ್ದು ಈ ಕಪ್ತಾನ. ಧಾರಾವಾಹಿ ಆಕಾಶದಲ್ಲಿ ಅಲೆಯುವ ಒಂದು ಹಡಗಿನದು. ಪ್ರತಿ ಸಲ ಬೇರೆ ಬೇರೆ ಗ್ರಹ, ಬೇರೆ ಬೇರೆ ಅತಿಥಿಗಳು. ಒಂದು ಕಂತಿನಲ್ಲಿ ಮುದಿ ಕಪ್ತಾನನೊಬ್ಬ ತನ್ನ ಯಂತ್ರಮಾನವನ ಜೊತೆ ಬರುತ್ತಾನೆ. ಗ್ರಹ ಸಿಡಿಯುವ ಹೊತ್ತಿಗೆ ಎಲ್ಲರನ್ನೂ ಹಡಗಿಗೆ ಹತ್ತಿಸಿ, ತಾನು ಮಾತ್ರ ಹಿಂದೆ ನಿಂತು “ನೀವು ನಡೆಯಿರಿ, ಬಾಗಿಲು ನಾನು ಹಿಡಿದಿರುತ್ತೇನೆ” ಎನ್ನುತ್ತಾನೆ. ಅಷ್ಟೇ ಪಾತ್ರ.

ಅದು ಬಂದ ದಿನ ಊರೆಲ್ಲ ನಮ್ಮ ಮನೆಯಲ್ಲಿ. ನಮ್ಮ ಅವ್ವನಿಗೆ ಸಕ್ಕರೆ ಬೇನೆಯಿಂದ ಕಣ್ಣು ಹೋಗಿ ವರ್ಷಗಳಾದವು. ನೆರಳು ಬೆಳಕು ಬಿಟ್ಟರೆ ಏನೂ ಕಾಣುವುದಿಲ್ಲ. ಜನರನ್ನು ದನಿಯಿಂದಲೇ ಗುರುತಿಸುತ್ತಾಳೆ. ಟಿವಿಯಲ್ಲಿ ಬಿಳಿ ಗಡ್ಡದ ಆ ಪರದೇಶಿ ಮುದುಕ ಬಾಯಿ ತೆರೆಯುವ ಮುಂಚೆಯೇ “ಹ್ಞಂ” ಕೇಳಿತು. ಅವ್ವ ಎರಡೂ ಕೈ ಎತ್ತಿ “ಬಂದ ನನ್ನ ಮಗ” ಎಂದಳು. ಮಗ ಅವಳ ಬೆನ್ನ ಹಿಂದೆಯೇ ಕೂತು ನಗುತ್ತಿದ್ದ.

ಆ ದಿನ ಬಾಜೂ ಮನೆಯ ಕಾಕಾ ಒಂದು ಕೆಲಸ ಮಾಡಿದರು. ಉರುಸು ಇರಲಿ, ಮದುವೆ ಇರಲಿ, ನಾಟಕ ಇರಲಿ, ಸುತ್ತ ಮೂರು ನಾಲ್ಕು ಹಳ್ಳಿಗೆ ಕಾಕಾನದೇ ಮೈಕ್ ಸೆಟ್. ಮನೆಯಲ್ಲಿ ಉರ್ದು, ಮೈಕಿನಲ್ಲಿ ಅಚ್ಚ ಕನ್ನಡ. ನಮ್ಮ ಕಡೆ ನಾಟಕದಲ್ಲಿ ಪಾತ್ರ ಮನಸ್ಸಿಗೆ ಹಿಡಿಸಿದರೆ ಆಟ ನಿಲ್ಲಿಸಿ, ರಂಗದ ಮೇಲೆ ಹತ್ತಿ, ನಟನಿಗೆ ಶಲ್ಯವನ್ನೋ ಟವೆಲನ್ನೋ ಹೊದಿಸುತ್ತಾರೆ. ಅದಕ್ಕೆ ಆಯೇರಿ ಎನ್ನುತ್ತೇವೆ. ಯಾರಿಂದ ಯಾರಿಗೆ ಎಂದು ಮೈಕಿನಲ್ಲಿ ಸಾರಬೇಕು. ಸಾರಿದ ಮೇಲೆ ಜನ “ವನ್ಸ್ ಮೋರ್” ಎಂದು ಕೂಗಬೇಕು, ನಟ ಅದೇ ಮಾತನ್ನು ಮತ್ತೆ ಹೇಳಬೇಕು. ಇಷ್ಟೂ ಆದರೇ ಅದು ಆಯೇರಿ. ಕಾಕಾ ಅವತ್ತು ತಮ್ಮ ಸಣ್ಣ ಸ್ಪೀಕರ್ ಹೊತ್ತು ತಂದು, ಟಿವಿಯ ಮುಂದೆ ನನ್ನ ತಮ್ಮನನ್ನು ನಿಲ್ಲಿಸಿ, ಶಲ್ಯ ಹೊದಿಸಿ, ಸಾರಿ, ಮೈಕನ್ನು ಅವನ ಬಾಯಿಗೆ ಹಿಡಿದರು. “ಹ್ಞಂ. ನೀವು ನಡೆಯಿರಿ, ಬಾಗಿಲು ನಾನು ಹಿಡಿದಿರುತ್ತೇನೆ.” ಓಣಿಯ ಆ ತುದಿಯವರೆಗೆ ಕೇಳಿಸಿತು.

ಆಮೇಲೆ ಗಂಟಲಿನ ಗಡ್ಡೆ ಬಂತು. ಮೊದಲು ದನಿ ಒಡೆಯಿತು. ನಾಟಕದವರಿಗೆ ಅದು ಇದ್ದದ್ದೇ ಎಂದು ಬಿಸಿನೀರು ಕುಡಿಯುತ್ತ ಕೂತೆವು. ಹುಬ್ಬಳ್ಳಿಯ ದವಾಖಾನೆಗೆ ಹೋಗುವ ಹೊತ್ತಿಗೆ ದನಿಪೆಟ್ಟಿಗೆಯನ್ನೇ ತೆಗೆಯುವುದೊಂದೇ ದಾರಿ ಉಳಿದಿತ್ತು. ಜೀವ ಉಳಿಯಿತು. ಕುತ್ತಿಗೆಯಲ್ಲಿ ಒಂದು ತೂತು, ಅದರಿಂದಲೇ ಉಸಿರು, ಅದರ ಮೇಲೊಂದು ತೆಳ್ಳನೆಯ ಬಿಳಿ ಬಟ್ಟೆ.

ಡಾಕ್ಟರು ಒಂದು ಮಷೀನು ಕೊಡಿಸಿದ್ದರು. ಸಣ್ಣ ಟಾರ್ಚಿನಷ್ಟು ಇರುತ್ತದೆ. ಗದ್ದದ ಕೆಳಗೆ ಒತ್ತಿ ಹಿಡಿದು ಗುಂಡಿ ಅದುಮಿ ತುಟಿ ಆಡಿಸಿದರೆ ಮಾತು ಬರುತ್ತದೆ. ಬರುವುದೇನೋ ಮಾತೇ, ಆದರೆ ಗುಂಯ್ ಎಂದು ಒಂದೇ ಸಮ ಬರುತ್ತದೆ, ಏರಿಲ್ಲ ಇಳಿವಿಲ್ಲ. ದವಾಖಾನೆಯಲ್ಲಿ ಒಂದೇ ಸಲ ಹಚ್ಚಿ ನೋಡಿ, ತನ್ನ ದನಿಗೆ ತಾನೇ ಹೆದರಿದವನಂತೆ ಅದನ್ನು ಕೆಳಗಿಟ್ಟ. ಮನೆಗೆ ಬಂದ ಮೇಲೆ ಟ್ರೆಜರಿಯ, ಅಂದರೆ ಕಬ್ಬಿಣದ ಕಪಾಟಿನ, ಮೇಲಿನ ಖಾನೆಯಲ್ಲಿ, ಶಲ್ಯಗಳ ಕೆಳಗೆ ಸೇರಿಸಿದ. ರೂಢಿ ಮಾಡದಿದ್ದರೆ ಆಮೇಲೆ ಕಷ್ಟ ಎಂದು ಡಾಕ್ಟರು ಹೇಳಿದ್ದನ್ನು ನಾನು ದಿನಾ ಹೇಳುತ್ತಿದ್ದೆ. ಒಂದು ದಿನ ಬೇಸತ್ತು ಮೊಬೈಲಿನಲ್ಲಿ ಬರೆದು ನನ್ನ ಮುಖಕ್ಕೆ ಹಿಡಿದ: “ಅವ್ವನ ಕಿವಿಯಾಗ ನನ್ನ ಹಳೀ ದನಿ ಐತಿ. ಅದರ ಮ್ಯಾಲ ಇದನ್ನ ಹಾಕಬ್ಯಾಡ.”

ನನಗೆ ಮೊಬೈಲಿನಲ್ಲಿ ಬರೆದು ತೋರಿಸಬಹುದು. ಕಣ್ಣಿಲ್ಲದ ಅವ್ವನಿಗೆ ಏನು ತೋರಿಸುವುದು? ಹೊರಗಿನಿಂದ ಬಂದಾಗ ಬಾಗಿಲ ಚೌಕಟ್ಟಿಗೆ ಬೆರಳಿಂದ ಟಕ್ ಟಕ್ ಎನ್ನಿಸುತ್ತಿದ್ದ. “ಬಂದ್ಯಾ?” ಎನ್ನುತ್ತಿದ್ದಳು ಅವ್ವ. ಮತ್ತೊಂದು ಟಕ್. ತಾಯಿ ಮಗನ ಮಾತು ಅಲ್ಲಿಗೆ ಮುಗಿಯಿತು. ಅವಳು ಉಣ್ಣಲು ಕೂತರೆ ಎದುರು ಕೂತು ನೋಡುತ್ತಿದ್ದ. ಅವನು ಕೂತಿದ್ದು ಅವಳಿಗೆ ಗೊತ್ತಾಗುತ್ತಿತ್ತೋ ಇಲ್ಲವೋ. ಒಂದೇ ಮನೆಯಲ್ಲಿದ್ದೂ ಅವ್ವನಿಗೆ ಮಗ ದಿನದಿನಕ್ಕೆ ಇಲ್ಲವಾಗುತ್ತಿದ್ದ. ನನಗೆ ಅವನ ಮೇಲೆ ಕನಿಕರಕ್ಕಿಂತ ಸಿಟ್ಟೇ ಹೆಚ್ಚು ಬರುತ್ತಿತ್ತು.

ಹೀಗಿರುವಾಗ ಟಿವಿಯಲ್ಲಿ ಜಾಹೀರಾತು ಬಂತು: ಕಪ್ತಾನನೂ ಅವನ ಯಂತ್ರಮಾನವನೂ ಮುಂದಿನ ಭಾನುವಾರ ಮಧ್ಯಾಹ್ನದ ಕಂತಿನಲ್ಲಿ ಮರಳಿ ಬರುತ್ತಾರೆ. ಊರಿಗೆ ಹಬ್ಬ. ಕಪ್ತಾನ ಎಂದರೆ ನಮ್ಮ ಊರಿನವನಲ್ಲವೇ? ದನಿಯೇ ಇಲ್ಲದವನು ಮಾತಾಡುವುದು ಹೇಗೆ ಎಂದು ನಾನು ಗಿರಣಿಯಲ್ಲಿ ಕೇಳಿದರೆ ಕಾಕಾನ ಹತ್ತಿರ ಉತ್ತರ ಸಿದ್ಧವಾಗಿತ್ತು.

“ಏ ತಂಗಿ, ಅವ್ರು ಎಲ್ಲಾ ಮೊದಲಽ ರೆಕಾರ್ಡ್ ಮಾಡಿ ಇಟ್ಟಿರ್ತಾರ. ಆಪರೇಶನ್ ಆಗೂಕಿಂತ ಮೊದಲಿನ ದನಿ ಅದು. ನಾ ಮೈಕ್ ಸೆಟ್ಟಿನಾಂವ, ನನಗ ಗೊತ್ತಿಲ್ಲೇನ?”

ಊರು ಇದನ್ನು ಹಾಗೇ ನಂಬಿತು. ನನ್ನ ತಮ್ಮ ಮೊಬೈಲಿನಲ್ಲಿ ಬರೆದ: “ಇಲ್ಲ. ಬ್ಯಾರೆ ಯಾರೋ ಮಾಡಿರ್ತಾರ.” ಟಿವಿ ಹಚ್ಚುವುದೇ ಬೇಡ, ಕೆಟ್ಟಿದೆ ಎಂದು ಹೇಳೋಣ ಎಂದೆ. ಆದರೆ ಅವ್ವನ ಕಿವಿಗೂ ಸುದ್ದಿ ಬಿದ್ದಿತ್ತು.

“ಕಾಕಾ ಅಂದದ್ದು ಖರೇ ಇರಬಹುದಲ್ಲ?” ಎಂದಳು. “ಮೊದಲಽ ಹೇಳಿಟ್ಟಿದ್ದು ಇದ್ರ? ಒಂದಽ ಸಲ ಕೇಳತೀನಿ, ಹಚ್ಚಬೇ.”

ತಮ್ಮ ಬಾಗಿಲಲ್ಲೇ ನಿಂತಿದ್ದ. ಇಲ್ಲ ಎಂದು ಹೇಳಲು ಅವನಿಗೆ ದನಿ ಇರಲಿಲ್ಲ, ನನಗೆ ಧೈರ್ಯ ಇರಲಿಲ್ಲ.

ಭಾನುವಾರ ಪಡಸಾಲೆ ತುಂಬಿತು. ಅವ್ವ ಟಿವಿಗೆ ಹತ್ತಿರ, ಮೊಣಕಾಲು ಮಡಚಿ, ಸೆರಗು ಕಿವಿಯಿಂದ ಹಿಂದೆ ಸರಿಸಿ ಕೂತಳು. ಹಡಗು ಬೇರೊಂದು ಹಾಳು ಗ್ರಹಕ್ಕೆ ಇಳಿಯಿತು, ಧೂಳಿನೊಳಗಿನಿಂದ ಅದೇ ಬಿಳಿ ಗಡ್ಡ ಎದ್ದು ಬಂತು. ಜನ ಸೀಟಿ ಹೊಡೆದರು. ಕಪ್ತಾನ ಬಾಯಿ ತೆರೆದ. ದಪ್ಪನೆಯ, ಶುದ್ಧವಾದ, ಬೆಣ್ಣೆ ಹಚ್ಚಿದಂಥ ದನಿ. ಮುಂದೆ “ಹ್ಞಂ” ಇರಲಿಲ್ಲ.

ಎರಡನೆಯ ಮಾತಿಗೆ ಅವ್ವ ನೆಲಕ್ಕೆ ಕೈಯೂರಿ ಎದ್ದಳು. ಗೋಡೆ ಹಿಡಿದುಕೊಂಡು ಒಳಗೆ ಅಡುಗೆಮನೆಗೆ ಹೋಗಿ ಕೂತಳು. ಸೀಟಿ ಹೊಡೆಯುವ ಜನಕ್ಕೆ ಅದು ಕಾಣಲಿಲ್ಲ. ತಮ್ಮನಿಗೆ ಕಂಡಿತು. ಅವನು ಅವಳ ಹಿಂದೆ ಹೋಗುತ್ತಾನೆಂದು ನಾನು ಕಾದೆ. ಹೋಗಲಿಲ್ಲ, ಹೋಗಿ ಏನು ಮಾಡುವುದು, ಚೌಕಟ್ಟು ಬಡಿಯುವುದೇ?

ಕಂತು ನನಗೆ ಕಿಂಚಿತ್ತೂ ಸೇರಲಿಲ್ಲ. ಕಪ್ತಾನನಿಗೆ ಹಳೆಯದು ಯಾವುದೂ ನೆನಪಿಲ್ಲ, ಯಂತ್ರಮಾನವನೇ ಅವನಿಗೆ ಅವನ ಕಥೆ ಹೇಳಿಕೊಡುತ್ತಾನೆ. ಹೋದ ಅತಿಥಿಯನ್ನು ಮತ್ತೆ ಕರೆಸುವುದಾದರೆ ಹೋದವನನ್ನೇ ಕರೆಸಬೇಕು. ಅವನ ಮುಖ ಹಚ್ಚಿ ಇನ್ನೊಬ್ಬನನ್ನು ಕಳಿಸುವುದಲ್ಲ. ನನ್ನ ಅಭಿಪ್ರಾಯ ಇಷ್ಟೇ. ಯಾರೂ ಕೇಳಲಿಲ್ಲ.

ಮುಗಿದ ಕೂಡಲೇ ಮಾತು ಶುರುವಾಯಿತು. ಮಕ್ಕಳಿಗೆ ಯಂತ್ರಮಾನವನೇ ಹೀರೊ. ಮೂಗು ಹಿಡಿದುಕೊಂಡು ಅವನ ಗುಂಯ್‌ಗುಡುವ ಮಾತನ್ನು ಅಣಕಿಸುತ್ತ ಅಂಗಳಕ್ಕೆ ಓಡಿದವು. ದೊಡ್ಡವರು ತಮ್ಮನನ್ನು ಸುತ್ತುಗಟ್ಟಿದರು.

“ಈ ಸಲ ದನಿ ಅಗದಿ ಚಲೋ ಬಂದೈತಿ ನೋಡಪಾ.”

“ಹಿಂದಿನದಕಿಂತ ತೂಕ ಐತ್ರಿ ದನಿಗೆ.”

“ಆ ಹ್ಞಂ ಹ್ಞಂ ಅನ್ನೂದ ಬಿಟ್ಟಾನ, ಅದಽ ಚಲೋ ಆತು.”

ನನ್ನ ತಮ್ಮ ತಲೆಯಾಡಿಸಿ ಅಲ್ಲ ಅಲ್ಲ ಎನ್ನುತ್ತಿದ್ದ. ಅವರು ಅದನ್ನು ವಿನಯ ಎಂದುಕೊಂಡರು. ಅಷ್ಟರಲ್ಲಿ ಕಾಕಾ ಹೊಸ ಶಲ್ಯ ಬಿಚ್ಚಿ ಅವನ ಹೆಗಲಿಗೆ ಹೊದಿಸಿದರು, ಸ್ಪೀಕರ್ ಚಾಲೂ ಮಾಡಿದರು. “ಆಕಾಶದಾಗ ನಮ್ಮ ಊರಿನ ಹೆಸರು ಎತ್ತಿದ ಕಲಾವಿದರಿಗೆ ಊರ ಹಿರಿಯರ ಪರವಾಗಿ ಆಯೇರಿ.” ಚಪ್ಪಾಳೆ ಬಿತ್ತು. ರೂಢಿಯಂತೆ ಯಾರೋ “ವನ್ಸ್ ಮೋರ್” ಎಂದರು. ರೂಢಿಯಂತೆ ಕಾಕಾ ಮೈಕನ್ನು ಅವನ ಬಾಯಿಗೆ ಹಿಡಿದರು.

ಜೀವಮಾನವೆಲ್ಲ ಮಾಡಿದ ಕೈ ಅದು, ಯೋಚನೆ ಮಾಡಲಿಲ್ಲ. ಹಿಡಿದ ಮೇಲೆ ಕಾಕಾನಿಗೆ ತಿಳಿಯಿತು. ಹಿಂದಕ್ಕೆ ತೆಗೆದುಕೊಳ್ಳಲೂ ಆಗದೆ, ಹಿಡಿದಿರಲೂ ಆಗದೆ ಮೈಕನ್ನು ಅವನ ಕುತ್ತಿಗೆಯವರೆಗೆ ಇಳಿಸಿದರು. ತಮ್ಮನ ಕುತ್ತಿಗೆಯ ಬಟ್ಟೆ ಉಸಿರಿಗೆ ಏಳುವುದು ಬೀಳುವುದು ಮೈಕಿನಲ್ಲಿ ಪಡಸಾಲೆಗೆಲ್ಲ ಕೇಳಿಸಿತು.

“ಬುದ್ಧಿ ಎಲ್ಲಿ ಇಟ್ಟ ಬಂದೀರಿ ಎಲ್ಲಾರೂ?” ಎಂದು ನಾನು ಗಿರಣಿಯ ದನಿಯಲ್ಲೇ ಒದರಿದೆ. “ಕಣ್ಣಿಲ್ಲದಾಕಿಗೆ ತಿಳೀತು, ಅದು ಇವನ ದನಿ ಅಲ್ಲ ಅಂತ. ನಿಮಗ ತಿಳೀಲಿಲ್ಲೇನು?”

“ತಪ್ಪಾತು ತಂಗಿ” ಎಂದರು ಕಾಕಾ. ಮೈಕ್ ಇನ್ನೂ ಚಾಲೂ ಇತ್ತು, ಅದೂ ಓಣಿಗೆಲ್ಲ ಕೇಳಿಸಿತು.

ತಮ್ಮ ನನ್ನನ್ನು ಒಂದು ಸಲ ನೋಡಿ ಕೋಣೆಗೆ ಹೋದ. ಬಾಗಿಲು ಹಾಕಿಕೊಳ್ಳುತ್ತಾನೆ ಎಂದುಕೊಂಡೆ. ಟ್ರೆಜರಿ ತೆಗೆದ ಸದ್ದು ಬಂತು. ಅವನು ತಿರುಗಿ ಬಂದಾಗ ಕೈಯಲ್ಲಿ ಮಷೀನಿತ್ತು. ಕಾಕಾನ ಕೈಯಿಂದ ಮೈಕ್ ತೆಗೆದುಕೊಂಡ, ಹೊದಿಸಿದ ಶಲ್ಯವನ್ನು ಮಾತ್ರ ತೆಗೆಯಲಿಲ್ಲ. ಗದ್ದದ ಕೆಳಗೆ ಮಷೀನು ಒತ್ತಿದ, ಜಾಗ ಸಿಗದೆ ಎರಡು ಸಲ ಬರೀ ಗುಂಯ್ ಎಂದಿತು. ಆಮೇಲೆ ಮಾತು ಬಂತು.

“ಆ ದನಿ ನಂದಲ್ಲ.”

ಅಂಗಳದಲ್ಲಿ ಒಂದು ಮಗು ಯಂತ್ರಮಾನವ ಬಂದ ಎಂದು ನಕ್ಕಿತು. ಅದರ ತಾಯಿ ಅದರ ಬಾಯಿ ಮುಚ್ಚಿದಳು. ಜನ ಒಬ್ಬೊಬ್ಬರಾಗಿ ಚಪ್ಪಲಿ ಹುಡುಕತೊಡಗಿದರು. ಯಾರೂ ಅವನ ಮುಖ ನೋಡಲಿಲ್ಲ. ಇದೇ ಜನ ಮರುದಿನ ಗಿರಣಿಯಲ್ಲಿ ಕೂತು ಕಪ್ತಾನ ಏನು ತಿಂದು ಬದುಕಿದ ಎಂದು ಚರ್ಚೆ ಮಾಡಿದ್ದು.

ಜನ ಇನ್ನೂ ಚಪ್ಪಲಿ ಹುಡುಕುತ್ತಿರುವಾಗಲೇ ಅಡುಗೆಮನೆಯಿಂದ ಅವ್ವ ಕೂಗಿದಳು.

“ಯಾರ ಬಂದಾರಬೇ? ಯಾರದದು ದನಿ?”

ನಾನು ಉತ್ತರಿಸಲು ಬಾಯಿ ತೆರೆದೆ. ತಮ್ಮ ಕೈಯೆತ್ತಿ ತಡೆದ. ಮೈಕನ್ನು ಕೆಳಗಿಟ್ಟು ಅಡುಗೆಮನೆಯ ಬಾಗಿಲಿಗೆ ಹೋದ. ಬೆರಳು ಚೌಕಟ್ಟಿಗೆ ಹೋಯಿತು, ಆದರೆ ಬಡಿಯಲಿಲ್ಲ. ಮಷೀನನ್ನು ಮತ್ತೆ ಕುತ್ತಿಗೆಗೆ ಒತ್ತಿದ.

“ನಾನಽ ಯವ್ವಾ.”

ಒಳಗೆ ಅವ್ವ ಬೇರೆಯವರ ಮಗುವನ್ನು ಮಡಿಲಿಗೆ ಹಾಕಿಸಿಕೊಂಡವಳಂತೆ ಕೂತಿದ್ದಳು. ಅವಳಿಗೆ ಗುರುತು ಹತ್ತಿತೋ, ಹತ್ತಲಿಲ್ಲವೋ, ನಾನು ಇವತ್ತಿಗೂ ಕೇಳಿಲ್ಲ. ಕೊನೆಗೆ ದನಿ ಬಂದ ಕಡೆ ಕಿವಿ ತಿರುಗಿಸಿದಳು.

“ಇನ್ನೊಮ್ಮೆ ಅನ್ನೋ” ಎಂದಳು.

ಅವನು ಇನ್ನೊಮ್ಮೆ ಅಂದ.