ದವಡೆ ಮಾವನ ಮುಳುಗು ಗಡಿಯಾರ

ಇನ್ನೂರು ಮೀಟರ್ ಆಳಕ್ಕೆ ಇಳಿದರೂ ಕೆಡದಂಥ ಗಡಿಯಾರ ಮಾಡಲು ಹೊರಟ ದವಡೆ ಮಾವನಿಗೆ ನೀರೆಂದರೆ ಆಗುತ್ತಿರಲಿಲ್ಲ. ಕುಡಿಯುವ ನೀರು ಆಗುತ್ತಿತ್ತು, ಗಿಡಕ್ಕೆ ಹಾಕುವ ನೀರೂ ಆಗುತ್ತಿತ್ತು. ತಾನಾಗಿ ಮೈಮೇಲೆ ಬರುವ ನೀರು ಮಾತ್ರ ಆಗುತ್ತಿರಲಿಲ್ಲ. ಸ್ನಾನಕ್ಕೆ ಹೋದರೆ ಬಚ್ಚಲಿನ ಚಿಲಕ ಹಾಕುತ್ತಿರಲಿಲ್ಲ, ಹೆಚ್ಚುಕಮ್ಮಿಯಾದರೆ ಯಾರಾದರೂ ಒಳಗೆ ಬರಬೇಕಲ್ಲ ಎಂದು. "ಒಂದು ಬಕೆಟ್ಟಲ್ಲಿ ಏನ್ರೀ ಹೆಚ್ಚುಕಮ್ಮಿ ಆಗುತ್ತೆ?" ಎಂದು ಹೆಂಡತಿ ಕೇಳಿದರೆ, "ಆಗೋದು ಹೇಳಿ ಕೇಳಿ ಆಗುತ್ತಾ?" ಎಂದು ಬಾಯಿ ಮುಚ್ಚಿಸುತ್ತಿದ್ದರು.

ಅವರ ಕಸುಬು ಹಲ್ಲಿನ ಸೆಟ್ಟು ಮಾಡುವುದು. ಡಾಕ್ಟರರು ರೋಗಿಗಳ ಬಾಯಿಯ ಅಚ್ಚು ತೆಗೆದು ಕಳಿಸುತ್ತಿದ್ದರು. ಇವರು ಆ ಅಚ್ಚಿಗೆ ಬಿಳಿ ಗಾರೆ ಹೊಯ್ದು ದವಡೆ ಮಾಡಿ, ಅದರ ಮೇಲೆ ಮೇಣದಲ್ಲಿ ಒಸಡು ತಿದ್ದಿ, ಹಲ್ಲು ಕೂರಿಸುತ್ತಿದ್ದರು. ಹಿಂದಿನ ಕೋಣೆಯ ಕಿಟಕಿಯಲ್ಲಿ ದವಡೆಗಳು ಸಾಲಾಗಿ ಬಾಯಿ ತೆರೆದುಕೊಂಡು ಬೀದಿ ನೋಡುತ್ತಿದ್ದವು. ಹಾಗಾಗಿ ಬೀದಿಯವರಿಗೆಲ್ಲ ಅವರು ದವಡೆ ಮಾವ.

ಈ ಕಸುಬಿನಲ್ಲಿ ಬಲ ಎಂದರೆ ಬಾಯಿಯ ಒಡೆಯನ ಬಲ. ಎದುರು ಕೂತು ನೋಡುವವನಿಗೆ ಅದು ಎಡಕ್ಕೆ ಕಾಣುತ್ತದೆ. ಬಹಳ ವರ್ಷ ಹೀಗೆ ದುಡಿದ ದವಡೆ ಮಾವನ ತಲೆಯಲ್ಲಿ ಲೋಕದ ಎಡ ಬಲಗಳೆಲ್ಲ ಎದುರು ಕೂತವರ ಪಾಲಾಗಿದ್ದವು. ಮನೆಗೆ ಬರುವವರಿಗೆ ಅವರು ದಾರಿ ಹೇಳಿದರೆ, ಬರುವವರು ಎದುರುಮನೆಯಲ್ಲಿ ಕೂತು ಕಾಫಿ ಕುಡಿದು ಹೋಗುತ್ತಿದ್ದರು. ಎದುರುಮನೆಯವರಿಗೂ ಅದು ರೂಢಿಯಾಗಿತ್ತು.

ಗಡಿಯಾರದ ಹುಚ್ಚು ಹಿಡಿಸಿದವನು ಹೆಂಡತಿಯ ತಮ್ಮ. ಊರಿನ ಈಜುಕೊಳದಲ್ಲಿ ಈಜು ಕಲಿಸುವುದು ಅವನ ಕೆಲಸ. ಕೊಳ ಖಾಲಿ ಮಾಡಿ ತೊಳೆಯುವಾಗ ಸಿಕ್ಕಿತೆಂದು ಅವನು ಒಂದು ದಿನ ಹಳೆಯ ಕೈಗಡಿಯಾರ ತಂದುಕೊಟ್ಟ. ಮುಳುಗುವವರಿಗೆಂದೇ ಮಾಡಿದ ಗಡಿಯಾರ ಅದು, ಆದರೆ ಒಳಗೆಲ್ಲ ತುಕ್ಕು. ದವಡೆ ಮಾವ ಬೆನ್ನುಮುಚ್ಚಳ ಬಿಚ್ಚಿ, ಕಣ್ಣಿಗೆ ಭೂತಗಾಜು ಸಿಕ್ಕಿಸಿಕೊಂಡು ನೋಡಿದರು. ನೋಡುತ್ತಾ ನೋಡುತ್ತಾ ಅವರಿಗೆ ಸಿಟ್ಟು ಬಂತು.

"ಅಂಚು ಕೂತಿಲ್ಲ," ಎಂದರು. "ಇಷ್ಟು ಸಂದು ಬಿಟ್ಟು ಸೆಟ್ಟು ಕೊಟ್ಟಿದ್ರೆ ಜನ ನನ್ನ ಮುಖಕ್ಕೇ ಉಗಿಯೋರು."

"ಅದು ಹಲ್ಲಲ್ಲ ಭಾವ, ಗಡಿಯಾರ."

"ನೀರಿಗೆ ಅದೆಲ್ಲ ಗೊತ್ತಾಗುತ್ತೇನೋ? ಸಂದು ಕಂಡ್ರೆ ನುಗ್ಗುತ್ತೆ. ನಾನು ಮಾಡ್ತೀನಿ ನೋಡು, ನೀರು ಬಂದು ಬಾಗಿಲು ಬಡಿದು ವಾಪಸ್ ಹೋಗ್ಬೇಕು."

ನೀರಿಗೆ ಹೆದರುವವರು ನೀರಿನ ಗಡಿಯಾರ ಮಾಡುವುದೇ ಎಂದು ಬೀದಿಯವರು ನಕ್ಕರು. ಆದರೆ ನೀರನ್ನು ಹೊರಗಿಡುವುದು ಹೇಗೆಂದು ಅವರಷ್ಟು ಯೋಚನೆ ಮಾಡಿದವರು ಬೀದಿಯಲ್ಲಿ ಯಾರಿದ್ದರು?

ಕೆಲಸಕ್ಕೆ ಜಾಗ ಬೇಕಾಯಿತು. ಹಿಂದಿನ ಕೋಣೆಯ ಗಾಳಿಯಲ್ಲಿ ಗಾರೆಯ ಪುಡಿ, ಒಂದು ಕಣ ಯಂತ್ರದೊಳಗೆ ಬಿದ್ದರೂ ಗಡಿಯಾರ ನಿಲ್ಲುತ್ತದೆ. ಮನೆಯಲ್ಲಿ ಧೂಳಿಲ್ಲದ ಜಾಗ ಊಟದ ಟೇಬಲ್ಲು ಒಂದೇ. ದವಡೆ ಮಾವ ಅದರ ಮೇಲೆ ಬಿಳಿ ಬಟ್ಟೆ ಹಾಸಿದರು. ಅಂದಿನಿಂದ ಟೇಬಲ್ಲಿನ ಹತ್ತಿರ ಫ್ಯಾನು ಹಾಕುವಂತಿಲ್ಲ, ಕೆಮ್ಮುವಂತಿಲ್ಲ, ಸೆರಗು ಬೀಸುವಂತಿಲ್ಲ. ಸೀನು ಬಂದವರು ಅಂಗಳಕ್ಕೆ ಓಡಬೇಕು. ಹೆಂಡತಿ ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು ಉಣ್ಣತೊಡಗಿದಳು. ಅತ್ತೆ, ಅಂದರೆ ಹೆಂಡತಿಯ ತಾಯಿ, ಚಪ್ಪಲಿ ಗೂಡಿನ ಮೇಲೆ ಕೂತು ತಟ್ಟೆಯನ್ನು ಮಂಡಿಯ ಮೇಲೆ ಇಟ್ಟುಕೊಳ್ಳುತ್ತಿದ್ದರು.

"ಮಗಳೇ, ನಿನ್ನ ಮದುವೆಯಲ್ಲಿ ನಾನೇ ಕೊಟ್ಟ ಟೇಬಲ್ಲು ಕಣೇ ಅದು," ಎನ್ನುತ್ತಿದ್ದರು ಅತ್ತೆ.

"ಅಳಿಯನನ್ನೂ ನೀನೇ ಹುಡುಕಿದ್ದು," ಎನ್ನುತ್ತಿದ್ದಳು ಮಗಳು.

ಕೆಲಸ ಮಾತ್ರ ಅಚ್ಚುಕಟ್ಟಾಗಿ ನಡೆಯಿತು. ಉಕ್ಕಿನ ಕವಚವನ್ನು ಲೇತು ಯಂತ್ರದವನಿಂದ ಕಡೆಸಿ ತಂದರು. ನಿಲ್ಲದೆ ಓಡುವ ಹಳೆಯ ಗಡಿಯಾರದ ಯಂತ್ರವೊಂದು ಗುಜರಿಯಲ್ಲಿ ಸಿಕ್ಕಿತು. ಹಳೆಯ ಮಾದರಿಯಲ್ಲಿ ಗಾಜು ಗುಮ್ಮಟದಂತೆ ಉಬ್ಬಿರಬೇಕು. ಅದಕ್ಕೆ ಒಸಡು ಮಾಡುವ ಅಕ್ರಿಲಿಕ್ಕನ್ನೇ ಬಣ್ಣ ಬೆರೆಸದೆ ಎರಕ ಹೊಯ್ದು, ಸೆಟ್ಟಿಗೆ ಹೊಳಪು ಕೊಡುವ ಬಟ್ಟೆಯ ಚಕ್ರದಲ್ಲೇ ಉಜ್ಜಿದರು. ಅದು ಎಷ್ಟು ತಿಳಿಯಾಯಿತೆಂದರೆ ಗಾಜು ಇದೆಯೋ ಇಲ್ಲವೋ ಎಂದು ನೋಡಲು ಎಲ್ಲರೂ ಬೆರಳಿಟ್ಟರು, ದವಡೆ ಮಾವ ಎಲ್ಲರ ಬೆರಳಿನ ಗುರುತನ್ನೂ ಒರೆಸಿದರು.

ಕತ್ತಲಲ್ಲಿ ಹೊಳೆಯುವ ಬಣ್ಣ ಹಳೆಯ ಗಡಿಯಾರಗಳಲ್ಲಿ ಕಾಲ ಕಳೆದಂತೆ ಕೆನೆಬಣ್ಣಕ್ಕೆ ತಿರುಗಿರುತ್ತದೆ. ಹೊಸ ಗಡಿಯಾರಕ್ಕೆ ಆ ಹಳತನ ತರಬೇಕಿತ್ತು. ಅರ್ಧ ಆಯುಷ್ಯ ಚಹಾ ಕುಡಿದಂತೆ ಕಾಣುವ ಹೊಸ ಹಲ್ಲು ಮಾಡುವವರಿಗೆ ಇದೊಂದು ದೊಡ್ಡದೇ? ಆದರೂ ಬಣ್ಣ ಹೊಂದಿಸಲು ಕಣ್ಣೆದುರು ಒಂದು ಮಾದರಿ ಬೇಕಾಯಿತು. ಅವರು ಮಾಡಿದ ಸೆಟ್ಟುಗಳಲ್ಲೆಲ್ಲ ಹದವಾಗಿ ಹಳತಾದದ್ದು ಅತ್ತೆಯ ಬಾಯಲ್ಲಿತ್ತು.

"ಅತ್ತೆ, ಒಂದು ಗಳಿಗೆ ಹಲ್ಲು ಕೊಡಿ."

ಅತ್ತೆ ಕೊಟ್ಟರು. ಆ ಗಳಿಗೆ ಮಧ್ಯಾಹ್ನದ ಊಟ ದಾಟಿ ಸಂಜೆಯವರೆಗೆ ನಡೆಯಿತು. ಅತ್ತೆ ಗಂಜಿ ಕುಡಿದು, ಮಾತು ಬಿಟ್ಟು, ಕೊನೆಗೆ ತಾವೇ ಟೇಬಲ್ಲಿಗೆ ಬಂದು ಹಲ್ಲು ಎತ್ತಿ ಹಾಕಿಕೊಂಡು ಹೋದರು. ಮರುಕ್ಷಣವೇ ದವಡೆ ಮಾವ, "ಯಾರೂ ಅಲ್ಲಾಡ್ಬೇಡಿ!" ಎಂದು ಕೂಗಿದರು. ಕೂದಲಿನಷ್ಟು ತೆಳ್ಳಗಿನ ಸೆಕೆಂಡಿನ ಮುಳ್ಳು ಕಾಣುತ್ತಿರಲಿಲ್ಲ. ಹೆಂಡತಿ, ಅವಳ ತಮ್ಮ, ದವಡೆ ಮಾವ ಮೂವರೂ ನೆಲಕ್ಕೆ ಕೆನ್ನೆ ಹಚ್ಚಿ ಹರಿದಾಡಿದರು. ಅಳಿಯ ಮಗ ಇಬ್ಬರೂ ಟೇಬಲ್ಲಿನ ಕೆಳಗೆ ತಲೆಗೆ ತಲೆ ಡಿಕ್ಕಿ ಹೊಡೆದುಕೊಂಡದ್ದನ್ನು ನೋಡಿ ಅತ್ತೆಗೆ ನಗು ತಡೆಯಲಾಗಲಿಲ್ಲ. ಅವರು ಬಾಯ್ತುಂಬ ನಕ್ಕಾಗ ಮೇಲಿನ ಒಸಡಿನಲ್ಲಿ ಏನೋ ಥಳಕ್ಕೆಂದಿತು.

"ಅತ್ತೆ, ಬಾಯಿ ಮುಚ್ಬೇಡಿ, ನುಂಗ್ಬೇಡಿ, ಮಾತಾಡ್ಬೇಡಿ," ಎಂದು ದವಡೆ ಮಾವ ಚಿಮುಟ ಹಿಡಿದು ಬಂದರು.

ಮುಳ್ಳು ಸಿಕ್ಕಿತು. ಹೆಂಡತಿಯ ತಾಳ್ಮೆ ಸಿಗಲಿಲ್ಲ.

ಇನ್ನುಳಿದದ್ದು ಗಾಜಿನ ಸುತ್ತ ತಿರುಗುವ ಹೊರಬಳೆ. ನೀರಿಗಿಳಿಯುವಾಗ ಆ ಬಳೆ ತಿರುಗಿಸಿ ಅದರ ತ್ರಿಕೋನದ ಗುರುತನ್ನು ನಿಮಿಷದ ಮುಳ್ಳಿನ ನೇರಕ್ಕೆ ಇಡುತ್ತಾರೆ. ಆಮೇಲೆ ಮುಳ್ಳು ಗುರುತಿನಿಂದ ಎಷ್ಟು ಮುಂದೆ ಹೋಯಿತೋ ಅಷ್ಟು ಹೊತ್ತು ನೀರಿನಲ್ಲಿ ಕಳೆಯಿತೆಂದು ಲೆಕ್ಕ. ಬಳೆ ಒಂದೇ ಕಡೆಗೆ ತಿರುಗಬೇಕು, ಅದೂ ಮುಳ್ಳು ಹೋಗುವ ದಿಕ್ಕಿಗೆ ಎದುರಾಗಿ. ಯಾತಕ್ಕಾದರೂ ತಗುಲಿ ಸರಿದರೆ ಅದು ಹೊತ್ತನ್ನು ಹೆಚ್ಚು ತೋರಿಸಬಹುದು, ಕಡಿಮೆ ತೋರಿಸಬಾರದು. ಹೆಚ್ಚು ತೋರಿಸಿದರೆ ಮನುಷ್ಯ ಬೇಗ ಮೇಲೆ ಬರುತ್ತಾನೆ, ಕಡಿಮೆ ತೋರಿಸಿದರೆ ಅಲ್ಲೇ ಉಳಿಯುತ್ತಾನೆ. "ಎಡಕ್ಕೆ ತಿರುಗ್ಬೇಕು ಭಾವ, ಎಡಕ್ಕೆ ಮಾತ್ರ," ಎಂದು ಭಾಮೈದ ಒತ್ತಿ ಹೇಳಿದ್ದ. ದವಡೆ ಮಾವ ವಕ್ರಹಲ್ಲಿಗೆ ಬಿಗಿಯುವ ತಂತಿಯನ್ನು ಬಾಗಿಸಿ, ಬಳೆಯ ಅಡಿಯಲ್ಲಿ ಕೊಕ್ಕೆಯಂತೆ ಕೂರಿಸಿದರು. ಬಳೆ ಟಿಕ್ ಟಿಕ್ ಎಂದು ಎಡಕ್ಕೆ ತಿರುಗಿತು. ಅವರ ಎಡಕ್ಕೆ.

ಗಡಿಯಾರ ಮುಗಿಯಿತು, ಓಡಿತು. ದವಡೆ ಮಾವ ಅದನ್ನು ಬಿಗಿಮುಚ್ಚಳದ ಜಾಡಿಯಲ್ಲಿಟ್ಟು, ತೇವ ಹೀರಲು ಸುತ್ತ ಒಣ ಅಕ್ಕಿ ತುಂಬಿ, ಟೇಬಲ್ಲಿನ ನಡುವೆ ಇಟ್ಟರು. ಟೇಬಲ್ಲು ಮಾತ್ರ ಬಿಡಲಿಲ್ಲ, ಆಗಲೇ ಎರಡನೇ ಗಡಿಯಾರದ ಕವಚ ಬಂದಿತ್ತು.

"ನೀರಿನ ಗಡಿಯಾರವನ್ನ ಉಪ್ಪಿನಕಾಯಿ ಥರ ಜಾಡಿಯಲ್ಲಿಟ್ಟಿದ್ದೀರಲ್ಲ," ಎಂದಳು ಹೆಂಡತಿ. "ಒಂದು ಸಲ ಬಕೆಟ್ಟಿಗೆ ಹಾಕಿ, ನೋಡೇಬಿಡೋಣ."

"ಬಕೆಟ್ಟಲ್ಲಿ ಏನು ಗೊತ್ತಾಗುತ್ತೆ? ಸೆಟ್ಟನ್ನ ಯಾರಾದ್ರೂ ಲೋಟದಲ್ಲಿಟ್ಟು ಪರೀಕ್ಷೆ ಮಾಡ್ತಾರಾ? ಬಾಯಿಗೆ ಹಾಕಿ ಅಗೀಬೇಕು."

ಆಡಿದ ಮೇಲೆ ಅವರಿಗೇ ಗೊತ್ತಾಯಿತು, ಸಿಕ್ಕಿಬಿದ್ದೆ ಎಂದು. ಹೆಂಡತಿ ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟಳು.

"ಹಾಗಾದ್ರೆ ಕೈಗೆ ಕಟ್ಕೊಂಡು ಇಳೀರಿ. ನಾಳೆ, ತಮ್ಮನ ಕೊಳದಲ್ಲಿ. ಹತ್ತೇ ನಿಮಿಷ. ಒಳಗೆ ನೀರು ಹೋಗದೆ ಓಡ್ತಾ ಇದ್ರೆ ಟೇಬಲ್ಲು ನಿಮ್ದು, ನಾವು ಜನ್ಮಪೂರ್ತಿ ನಿಂತೇ ಉಣ್ತೀವಿ. ನೀರು ಹೋಯ್ತೋ, ಇಲ್ಲಾ ನೀವು ಮಧ್ಯದಲ್ಲಿ ಎದ್ದು ಬಂದ್ರೋ, ಜಾಡಿ, ಚಿಮುಟ, ಕವಚ ಎಲ್ಲಾ ಗುಜರಿಯವನ ಗಾಡಿಗೆ. ಇನ್ಮೇಲೆ ಈ ಮನೇಲಿ ಗಡಿಯಾರದ ಸುದ್ದಿ ಇಲ್ಲ."

"ನಾನು ಕೂತೇ ಉಣ್ತೀನಿ," ಎಂದರು ಚಪ್ಪಲಿ ಗೂಡಿನಿಂದ ಅತ್ತೆ.

ಹೆಂಡತಿ ಸುಮ್ಮನೆ ಹೆದರಿಸುವವಳಲ್ಲ. ಗುಜರಿಯವನಿಗೆ ಹೇಳಿಯೂ ಕಳಿಸಿದಳು.

ಮರುದಿನ ಬೆಳಿಗ್ಗೆ ದವಡೆ ಮಾವ ಅಳಿಯನಾಗಿ ಮೊದಲ ಸಲ ಅತ್ತೆಯ ಎದುರು ಚಡ್ಡಿಯಲ್ಲಿ ನಿಂತರು. ಕೊಳದ ಅಂಚಿನ ಬೆಂಚಿನಲ್ಲಿ ತಾಯಿ ಮಗಳು ಛತ್ರಿ ಬಿಡಿಸಿ ಕೂತಿದ್ದರು. ಕಡಿಮೆ ಆಳದ ಕಡೆ ಮೆಟ್ಟಿಲಿತ್ತು, ಗೋಡೆಯುದ್ದಕ್ಕೂ ಕೈಗೆ ಆಸರೆಯಾಗಿ ಕಬ್ಬಿಣದ ಕಂಬಿ ಇತ್ತು. ದವಡೆ ಮಾವ ಬಳೆಯ ಗುರುತನ್ನು ನಿಮಿಷದ ಮುಳ್ಳಿಗೆ ಸರಿಮಾಡಿ, ಒಂದೊಂದೇ ಮೆಟ್ಟಿಲು ಇಳಿದು, ಎದೆಮಟ್ಟದ ನೀರಿನಲ್ಲಿ ನಿಂತರು. ಗಡಿಯಾರದ ಕೈ ನೀರಿನೊಳಗೆ ಕಂಬಿಯನ್ನು ಗಟ್ಟಿಯಾಗಿ ಹಿಡಿದಿತ್ತು. ಇನ್ನೊಂದು ಕೈ ಮೂಗು ಹಿಡಿದಿತ್ತು.

"ಭಾವ, ತಲೆ ಹೊರಗೇ ಇದೆಯಲ್ಲ, ಮೂಗು ಯಾಕೆ?"

"ಮುನ್ನೆಚ್ಚರಿಕೆ," ಎಂದರು ದವಡೆ ಮಾವ ಮೂಗಿನಲ್ಲಿ.

"ಇಲ್ಲಿ ಒಂದೂಕಾಲು ಮೀಟರ್ ನೀರಿದೆ. ಮಿಕ್ಕಿದ ನೂರತೊಂಬತ್ತೆಂಟು ಚಿಲ್ಲರೆ ಏನ್ಮಾಡ್ತೀರಿ?"

"ಇರ್ಲಿ ಬಿಡೋ, ಮುಂದಕ್ಕೆ ಬೇಕಾಗುತ್ತೆ."

ಸ್ವಲ್ಪ ಹೊತ್ತಾದ ಮೇಲೆ ಅವರು ಕಣ್ಣು ತೆರೆದು ನೀರಿನೊಳಗೆ ಬಗ್ಗಿ ನೋಡಿದರು. ಗಡಿಯಾರ ಓಡುತ್ತಿತ್ತು. ಬಳೆಯ ಲೆಕ್ಕದಲ್ಲಿ ಎರಡು ನಿಮಿಷ. ಒಬ್ಬ ಈಜಿಕೊಂಡು ಹೋದ, ಅಲೆ ಬಂತು, ದವಡೆ ಮಾವ ಕಂಬಿಯನ್ನು ಇನ್ನಷ್ಟು ಅಪ್ಪಿಕೊಂಡರು. ಮತ್ತೆ ನೋಡಿದರೆ ಒಂದೇ ನಿಮಿಷ.

"ರೀ, ಆಯ್ತು, ಬನ್ನಿ," ಎಂದಳು ಹೆಂಡತಿ ಕೊಳದ ಕಟ್ಟಡದ ಗೋಡೆಯ ಗಡಿಯಾರ ನೋಡಿ.

"ಎಲ್ಲಿ ಆಯ್ತು? ಇನ್ನೂ ಒಂದೇ ನಿಮಿಷ ಆಗಿರೋದು."

"ಗೋಡೆ ಗಡಿಯಾರದಲ್ಲಿ ಹನ್ನೆರಡು ನಿಮಿಷ ಆಯ್ತು!"

"ಪರೀಕ್ಷೆ ಗೋಡೆ ಗಡಿಯಾರಕ್ಕಾ, ಇದಕ್ಕಾ? ಆಮೇಲೆ ಮಧ್ಯದಲ್ಲಿ ಎದ್ದು ಬಂದ್ರಿ ಅಂತೀಯ. ಇದು ಹತ್ತು ಅನ್ನೋವರೆಗೂ ಬರಲ್ಲ."

ಇದು ಹತ್ತು ಎನ್ನಲಿಲ್ಲ. ಮೂರಕ್ಕೆ ಹೋಗಿ ಎರಡಕ್ಕೆ ಬಂತು, ಎರಡರಿಂದ ಒಂದಕ್ಕೆ ಬಂತು. ಈಜಲು ಬಂದವರು ಈಜಿ, ಮೈ ಒರೆಸಿಕೊಂಡು, ತಲೆ ಬಾಚಿ ಹೋದರು. ಅತ್ತೆ ಛತ್ರಿಯ ಕೆಳಗೆ ಒಂದು ನಿದ್ದೆ ತೆಗೆದರು. ಗುಜರಿಯವನು ಮನೆಗೆ ಹೋಗಿ ಬಾಗಿಲು ಬಡಿದು, ವಿಚಾರಿಸಿಕೊಂಡು ಕೊಳಕ್ಕೇ ಬಂದು ಬೆಂಚಿನ ತುದಿಯಲ್ಲಿ ಕೂತ.

ದವಡೆ ಮಾವನ ಹಲ್ಲು ಕಟಕಟ ಎನ್ನತೊಡಗಿತು. ಗಂಟೆಯ ಮುಳ್ಳು, ನಿಮಿಷದ ಮುಳ್ಳು ಎರಡೂ ಗೋಡೆಯ ಗಡಿಯಾರಕ್ಕೆ ಸರಿಯಾಗಿಯೇ ಇದ್ದವು. ಬಳೆ ಮಾತ್ರ ಈಗತಾನೇ ಇಳಿದೆ ಎನ್ನುತ್ತಿತ್ತು. ಅಷ್ಟರಲ್ಲಿ ಮತ್ತೊಂದು ಅಲೆ ಬಂತು. ಅವರು ಕಂಬಿಗೆ ಅಂಟಿಕೊಂಡರು. ಆಗ ಮಣಿಕಟ್ಟಿನಲ್ಲಿ ಸಣ್ಣದಾಗಿ ಟಿಕ್ ಎಂದದ್ದು ಅವರಿಗೆ ತಿಳಿಯಿತು. ಕಂಬಿ ಬಳೆಗೆ ಉಜ್ಜಿ ಬಳೆ ಒಂದು ಹಲ್ಲು ಸರಿದಿತ್ತು, ಮುಳ್ಳಿನ ಹಿಂದೆಯೇ, ಮುಳ್ಳು ಹೋದ ದಿಕ್ಕಿಗೇ. ಅವರು ನೀರಿನೊಳಗೆ ಗಡಿಯಾರದ ಮುಖವನ್ನು ದಿಟ್ಟಿಸಿದರು. ಮುಖ! ಎದುರು ಕೂತವನ ಮುಖವೆಂದು ತಿಳಿದೇ, ಹಲ್ಲಿನ ಲೆಕ್ಕದಲ್ಲಿ ಅದರ ಎಡ ಹಿಡಿದಿದ್ದರು. ಕಟ್ಟಿಕೊಂಡವನಿಗೆ ಅದು ಬಲ.

ಈಗ ಎಲ್ಲಾ ಸ್ಪಷ್ಟವಾಯಿತು. ಅವರು ಹೆದರಿ ಕಂಬಿ ಹಿಡಿದಷ್ಟೂ ಹೊತ್ತು ಹಿಂದಕ್ಕೆ ಬರುತ್ತಿತ್ತು. ಕಂಬಿ ಹಿಡಿದು ನಿಂತರೆ ಸಾಯುವ ತನಕ ನಿಂತರೂ ಹತ್ತು ನಿಮಿಷ ಆಗುವಂತಿಲ್ಲ.

ಬೆಂಚಿನಲ್ಲಿ ಗುಜರಿಯವನು ಗೋಣಿಚೀಲ ಕೊಡವಿದ.

ದವಡೆ ಮಾವ ಮೊದಲು ಮೂಗು ಬಿಟ್ಟರು. ಆ ಕೈಯಿಂದ ಗುರುತನ್ನು ಮುಳ್ಳಿಗೆ ಸರಿಮಾಡಿದರು. ಆಮೇಲೆ ಕಂಬಿಯಿಂದ ಒಂದೊಂದೇ ಬೆರಳು ಬಿಡಿಸಿ, ಕಿರುಬೆರಳನ್ನು ಕೊನೆಗೆ ಬಿಟ್ಟರು. ನೀರು ಅವರನ್ನು ಸ್ವಲ್ಪ ಆ ಕಡೆ ತಳ್ಳಿತು, ಸ್ವಲ್ಪ ಈ ಕಡೆ ತಳ್ಳಿತು. ಮುಳುಗಿಸಲಿಲ್ಲ. ಕೈ ಚಾಚಿದರೆ ಮತ್ತೆ ಕಂಬಿ ಸಿಕ್ಕಿಬಿಟ್ಟೀತೆಂದು ಅವರು ಎರಡು ಹೆಜ್ಜೆ ಒಳಗೆ ಹೋಗಿ, ಗಡಿಯಾರದ ಕೈಯನ್ನು ನೀರಿನಲ್ಲಿ ಚಾಚಿಕೊಂಡು ನಿಂತರು.

"ಮೂರು," ಎಂದು ಕೂಗಿದರು. ಆಮೇಲೆ "ಆರು." ಬೆಂಚಿನವರು ಎದ್ದು ನಿಂತರು. "ಹತ್ತು!" ಎಂದಾಗ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ಹೊಡೆದವನು ಗುಜರಿಯವನು.

ಭಾಮೈದ ಗಡಿಯಾರವನ್ನು ಬೆಳಕಿಗೆ ಹಿಡಿದು ನೋಡಿದ. ಗಾಜಿನೊಳಗೆ ಆವಿಯ ಸುಳಿವೂ ಇರಲಿಲ್ಲ. "ಭಾವ, ಬಳೆ ಉಲ್ಟಾ ತಿರುಗುತ್ತೆ, ಒಳಗಿನ ಕೊಕ್ಕೆ ಸರಿಮಾಡಿಬಿಡಿ. ಬೇರೆಯವರು ಕಟ್ಕೊಂಡ್ರೆ ಪ್ರಾಣಕ್ಕೇ ಬರುತ್ತೆ."

"ಬೇರೆಯವರಿಗೆ ಎರಡನೇದು ಮಾಡ್ತೀನಿ, ನಿನ್ನ ಎಡಕ್ಕೇ. ಇದು ನಂದು. ಇದನ್ನ ಸರಿಮಾಡಿದ್ರೆ ಕಂಬಿ ಹಿಡ್ಕೊಂಡು ನಿಂತವನಿಗೂ ಹತ್ತು ನಿಮಿಷ ಆಗಿಬಿಡುತ್ತೆ."

ಹೆಂಡತಿ ಮಾತಿಗೆ ತಪ್ಪಲಿಲ್ಲ. ಮನೆಗೆ ಬಂದವಳೇ ತಟ್ಟೆ ಹಿಡಿದು ಕಟ್ಟೆಗೆ ಒರಗಿದಳು. ಗೆದ್ದ ದವಡೆ ಮಾವ ಟೇಬಲ್ಲಿಗೆ ಕೂತು ಚಿಮುಟ ಎತ್ತಿದರು. ಚಿಮುಟ ಜಾರಿತು. ಮತ್ತೆ ಎತ್ತಿದರು, ಮತ್ತೆ ಜಾರಿತು. ಅಷ್ಟು ಹೊತ್ತು ನೀರಿನಲ್ಲಿದ್ದ ಬೆರಳುಗಳು ಒಣದ್ರಾಕ್ಷಿಯಂತೆ ಸುಕ್ಕುಗಟ್ಟಿದ್ದವು, ಒಂದು ತಿರುಪೂ ಹಿಡಿತಕ್ಕೆ ಸಿಗಲಿಲ್ಲ. ಅವರು ಬಿಳಿ ಬಟ್ಟೆಯನ್ನು ನಿಧಾನಕ್ಕೆ ಮಡಚಿ ಬದಿಗಿಟ್ಟರು.

"ಕೂತ್ಕೊಳ್ಳಿ. ಬೆರಳು ಸರಿಹೋಗೋವರೆಗೂ ಟೇಬಲ್ಲು ಖಾಲಿ."

ಈಗ ಅವರು ದಿನಾ ಬೆಳಿಗ್ಗೆ ಕೊಳಕ್ಕೆ ಹೋಗಿ, ಬಳೆ ಅರ್ಧ ಗಂಟೆ ಎನ್ನುವವರೆಗೆ ನೀರಿನಲ್ಲಿ ನಿಲ್ಲುತ್ತಾರೆ, ಕಂಬಿಯಿಂದ ದಿನಕ್ಕೊಂದು ಹೆಜ್ಜೆ ಹೆಚ್ಚು ದೂರ. ಮಧ್ಯಾಹ್ನದ ಊಟ ಮುಗಿಯುವವರೆಗೆ ಬೆರಳು ಸುಕ್ಕಾಗಿಯೇ ಇರುತ್ತದೆ, ಎಲ್ಲರೂ ಕೂತು ಉಣ್ಣುತ್ತಾರೆ. ಸಂಜೆಗೆ ಬೆರಳು ನೆಟ್ಟಗಾಗುತ್ತದೆ, ಬಿಳಿ ಬಟ್ಟೆ ಹಾಸುತ್ತಾರೆ, ಅತ್ತೆ ತಟ್ಟೆ ಎತ್ತಿಕೊಂಡು ಚಪ್ಪಲಿ ಗೂಡಿಗೆ ಹೋಗುತ್ತಾರೆ.

"ಅಳಿಯಂದ್ರೆ," ಎಂದರು ಮೊನ್ನೆ ಅತ್ತೆ ಗೂಡಿನ ಮೇಲಿಂದ, "ನಾಳೆ ಸ್ವಲ್ಪ ಕಂಬಿ ಹಿಡ್ಕೊಳ್ಳಿ. ರಾತ್ರಿ ಊಟಕ್ಕೂ ಕೂತ್ಕೋಬಹುದು."